ಹೊಸ ಎಂಜಿನ್‌ಗೆ ಹಳೇ ಎಕ್ಸಾಸ್ಟ್ ಹೋಸ್ ಬೇಡ

ಬೋಟಿನ ಎಂಜಿನ್ ಬದಲಿಸಲು ಹೊರಟವರು ತಿಂಗಳುಗಟ್ಟಲೆ ಎಂಜಿನ್ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ಹಾರ್ಸ್‌ಪವರ್, ಯಾವ ಕಾರ್ಬ್ಯುರೇಟರ್, ಪ್ರೊಪೆಲ್ಲರ್ ಪಿಚ್ ಎಷ್ಟಿರಬೇಕು, ಹೀಗೆ. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಹೋಸಿನ ಸುದ್ದಿ ಬರುವುದು ಎಂಜಿನ್ ಕೂರಿಸಿ ಬೋಲ್ಟು ಬಿಗಿದ ಮೇಲೆ. ಆ ಹೊತ್ತಿಗೆ ದುಡ್ಡೂ ಕಮ್ಮಿ, ತಾಳ್ಮೆಯೂ ಕಮ್ಮಿ. ಹಳೇ ಹೋಸು ನೋಡಲು ಚೆನ್ನಾಗಿಯೇ ಇದೆ, ಒರೆಸಿ ಹಾಕಿಬಿಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ, ಅದರ ಬದಲು ಏನು ಹಾಕಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನನ್ನದು ಪೆಟ್ರೋಲ್ ಬೋಟು. ಇದ್ದದ್ದು 5.7 ಲೀಟರಿನ ವಿ8, ಈಗ ಕೂತಿರುವುದು 7.4 ಲೀಟರಿನ ವಿ8. ಎಂಜಿನ್ನಿನ ಎರಡು ಬದಿಯಿಂದಲೂ ಒಂದೊಂದು ಎಕ್ಸಾಸ್ಟ್ ಲೈನು ಹೊರಟು ಬೋಟಿನ ಹಿಂದಿನ ಗೋಡೆ ದಾಟಿ ಹೊರಗೆ ಹೋಗುತ್ತದೆ. ಈ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ನಿಮ್ಮದು ಡೀಸೆಲ್ ಆಗಿದ್ದರೆ, ಒಂದೇ ಲೈನಿನ ಎಕ್ಸಾಸ್ಟ್ ಆಗಿದ್ದರೆ ಅಂಕಿಗಳು ಬೇರೆ ಬರುತ್ತವೆ, ಯೋಚನೆ ಮಾಡುವ ಕ್ರಮ ಇದೇ.

ಕಾರಿನ ಸೈಲೆನ್ಸರ್ ಪೈಪಿನಲ್ಲಿ ಹೋಗುವುದು ಬರೀ ಹೊಗೆ. ಬೋಟಿನಲ್ಲಿ ಹಾಗಲ್ಲ. ಪಂಪು ಹೊರಗಿನ ನೀರನ್ನು ಎಳೆದುಕೊಂಡು ಎಂಜಿನ್ ತಣಿಸುತ್ತದೆ, ಆಮೇಲೆ ಅದೇ ನೀರು ರೈಸರ್ ಮೇಲಿನ ಎಲ್ಬೋದಲ್ಲಿ ಹೊಗೆಗೆ ಸೇರುತ್ತದೆ. ಎಂಜಿನ್ನಿನಿಂದ ಹೊಗೆಯನ್ನು ಮೇಲಕ್ಕೆ ಒಯ್ಯುವ ಲೋಹದ ಭಾಗ ರೈಸರ್, ಅದರ ಮೇಲೆ ಕೂರುವ ಬಾಗಿದ ಪೈಪು ಎಲ್ಬೋ. ನೂರಾರು ಡಿಗ್ರಿ ಬಿಸಿ ಇದ್ದ ಹೊಗೆ ಅಲ್ಲಿಂದ ಮುಂದಕ್ಕೆ ರಬ್ಬರ್ ತಡೆಯುವಷ್ಟು ತಣ್ಣಗಾಗುತ್ತದೆ. ನೀರು ಇರುವವರೆಗೆ ಮಾತ್ರ. ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ನ ರೆಕ್ಕೆ ಮುರಿದರೆ, ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ, ಅದೇ ರಬ್ಬರಿನೊಳಗೆ ಒಣ ಹೊಗೆ ನುಗ್ಗುತ್ತದೆ.

ಈ ಸಂದರ್ಭಕ್ಕೆಂದೇ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2006 ಅನ್ನುವ ಮಾನದಂಡ ಇದೆ. ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಓಡುತ್ತಿರುವಾಗ ನೀರು ಪೂರ್ತಿ ನಿಂತರೂ ಹೋಸು 2 ನಿಮಿಷ ತಡೆದುಕೊಳ್ಳಬೇಕು. ಅಲಾರ್ಮ್ ಕೇಳಿ, ಥ್ರಾಟಲ್ ಇಳಿಸಿ, ಎಂಜಿನ್ ಆರಿಸಲು ಸಿಗುವ ಸಮಯ ಅದು. ಒಳ್ಳೆಯ ಹೋಸಿನ ಮೈಮೇಲೆ ಈ ಜೆ2006 ಅಚ್ಚಾಗಿರುತ್ತದೆ. ಜೊತೆಗೆ ಆರ್1 ಅಂತಿದ್ದರೆ ಗೋಡೆಯೊಳಗೆ ತಂತಿ ಇಲ್ಲ, ಆರ್2 ಅಂತಿದ್ದರೆ ಸುರುಳಿ ತಂತಿ ಇದೆ. ಯುಎಲ್ 1129, ಐಎಸ್‌ಒ 13363 ಅನ್ನುವುವೂ ಬೋಟಿನ ನೀರು ಬೆರೆತ ಎಕ್ಸಾಸ್ಟಿಗೇ ಇರುವ ಮಾನದಂಡಗಳು. ಮೈಮೇಲೆ ಏನೂ ಇಲ್ಲದ ಕಪ್ಪು ಹೋಸನ್ನು ಯಾರಾದರೂ 'ಇದೂ ಅದೇ ಸಾರ್' ಅಂತ ಕೊಟ್ಟರೆ ತಗೋಬೇಡಿ. ರೇಡಿಯೇಟರ್ ಹೋಸು ಅಳತೆಗೆ ಸರಿಯಾಗಿ ಕೂರುತ್ತದೆ, ನಿಜ. ಆದರೆ ಅದು ಬಿಸಿ ನೀರಿಗೆ ಮಾಡಿದ್ದು, ಹೊಗೆಗಲ್ಲ.

ಇನ್ನು ಹಳೇ ಹೋಸು. ಹೊರಗಿನಿಂದ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಬಿರುಕಿಲ್ಲ, ಒತ್ತಿದರೆ ಗಟ್ಟಿಯಾಗಿಯೇ ಇತ್ತು. ಹೇಗೂ ಹಾಕುವುದಿಲ್ಲ ಅಂತ ಉದ್ದಕ್ಕೆ ಸೀಳಿ ನೋಡಿದೆ. ರೈಸರ್ ಕಡೆಯ ತುದಿಯಲ್ಲಿ, ಮೇಲ್ಭಾಗದಲ್ಲಿ ಮಾತ್ರ, ಒಳಗಿನ ರಬ್ಬರ್ ಪದರ ಹಳೇ ಸೈಕಲ್ ಟ್ಯೂಬಿನ ಪ್ಯಾಚಿನ ಹಾಗೆ ಎದ್ದು ಬಂದಿತ್ತು. ಬೆರಳಿನಿಂದ ಎಳೆದರೆ ಚಕ್ಕೆಚಕ್ಕೆಯಾಗಿ ಉದುರಿತು. ಅದರ ಹಿಂದಿನ ಬಟ್ಟೆಯ ಪದರ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಅದೇ ತುದಿಯ ಕೆಳಭಾಗ ಮಾತ್ರ ಹೊಸದರ ಹಾಗೆ ನುಣುಪು.

ಇದಕ್ಕೆ ಕಾರಣ ಇದೆ. ಎಂಜಿನ್ ನಿಧಾನಕ್ಕೆ ಓಡುವಾಗ ಪಂಪು ಕೊಡುವ ನೀರು ಕಮ್ಮಿ. ಇರುವ ನೀರು ಹೋಸಿನ ತಳದಲ್ಲಿ ಹರಿದು ಹೋಗುತ್ತದೆ, ಮೇಲ್ಛಾವಣಿಗೆ ತಾಗುವುದೇ ಇಲ್ಲ. ಎಲ್ಬೋದೊಳಗಿನ ನೀರಿನ ದಾರಿಗಳಲ್ಲಿ ತುಕ್ಕು ಕಟ್ಟಿಕೊಂಡಿದ್ದರೆ ಇನ್ನೂ ಕಷ್ಟ, ನೀರು ಒಂದೇ ಕಡೆಯಿಂದ ಬೀಳುತ್ತದೆ. ಹಾಗಾಗಿ ರೈಸರ್ ಬಿಟ್ಟ ಕೂಡಲೇ ಬರುವ ಮೊದಲ ಗೇಣಿನಷ್ಟು ಹೋಸೇ ಜಾಸ್ತಿ ಪೆಟ್ಟು ತಿನ್ನುವುದು. ಎದ್ದು ಬಂದ ಪದರ ಮಡಚಿಕೊಂಡು ದಾರಿಗೆ ಅಡ್ಡ ನಿಂತರೆ ಎಂಜಿನ್ ಉಸಿರು ಕಟ್ಟುತ್ತದೆ, ಕಾರಣ ಮಾತ್ರ ಹೊರಗಿನಿಂದ ಕಾಣುವುದಿಲ್ಲ. ಆಗ ಜನ ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಪ್ಲಗ್ ಬದಲಿಸುತ್ತಾರೆ, ಪೆಟ್ರೋಲನ್ನು ಬೈಯುತ್ತಾರೆ. ಒಂದು ಸಲ ಎಂಜಿನ್ ಓವರ್‌ಹೀಟ್ ಆಗಿದ್ದರೂ ಸಾಕು, ಹೊರಗೆ ಹೇಗೇ ಕಾಣಲಿ, ಆ ಹೋಸು ತೆಗೆದುಹಾಕಬೇಕು ಅನ್ನುವುದು ನನ್ನ ನಿಲುವು.

ಈಗ ಅಳತೆ. ನಿಜವಾದ ಜಗಳ ಇರುವುದು ಇಲ್ಲೇ.

ಹಳೇ ಎಂಜಿನ್ನಿಗೆ ಟ್ರಾನ್ಸಮ್‌ವರೆಗೂ 3 ಇಂಚಿನ ಹೋಸಿತ್ತು. ಹೊಸದರ ಎಲ್ಬೋ ಬಾಯಿ 4 ಇಂಚು. ಟ್ರಾನ್ಸಮ್ಮಿನಲ್ಲಿ ಇರುವ ತೂತು 3 ಇಂಚಿನ ಔಟ್‌ಲೆಟ್‌ಗೆ ಕೊರೆದದ್ದು. ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ: ಒಂದು ರಿಡ್ಯೂಸರ್ ಹಾಕಿ 4ರಿಂದ 3ಕ್ಕೆ ಇಳಿಸಿಬಿಡಿ, ಒಂದು ಇಂಚಿನಲ್ಲಿ ಏನಿದೆ?

ಒಂದು ಇಂಚಿನಲ್ಲಿ ಬಹಳ ಇದೆ. 3 ಇಂಚಿನ ಪೈಪಿನ ಬಾಯಿ ಸುಮಾರು 7 ಚದರ ಇಂಚು, 4 ಇಂಚಿನದು ಹನ್ನೆರಡೂವರೆ. ಅದು ಬರೀ ಜಾಗದ ಲೆಕ್ಕ. ಒತ್ತಡದ ಲೆಕ್ಕ ಇನ್ನೂ ಕ್ರೂರ. ಅಷ್ಟೇ ಹರಿವು, ಅಷ್ಟೇ ಉದ್ದ ಇದ್ದಾಗ ಪೈಪಿನ ಗೋಡೆಯ ಉಜ್ಜುವಿಕೆಯಿಂದ ಆಗುವ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಹೋಗುತ್ತದೆ. ಶಾಲೆಯ ಗಣಿತ ಬೇಡ ಅಂದರೆ ಇಷ್ಟು ತಿಳಿದುಕೊಳ್ಳಿ, 4 ಇಂಚಿನ ಬದಲು 3 ಇಂಚು ಹಾಕಿದರೆ ಆ ನಷ್ಟ ನಾಲ್ಕು ಪಟ್ಟು ದಾಟುತ್ತದೆ. ಇದರ ಮೇಲೆ ಎಂಜಿನ್ ಕೂಡ ದೊಡ್ಡದಾಗಿದೆ ಅಲ್ವಾ? 5.7ರಿಂದ 7.4 ಲೀಟರಿಗೆ ಹೋದರೆ ಅದೇ ಆರ್‌ಪಿಎಂನಲ್ಲಿ ಹೊರಬೀಳುವ ಹೊಗೆ ಹತ್ತಿರ ಹತ್ತಿರ ಶೇ 30 ಜಾಸ್ತಿ. ಹರಿವು ಹೆಚ್ಚಾದಾಗ ಒತ್ತಡ ಅದರ ವರ್ಗದಷ್ಟು ಏರುತ್ತದೆ. ಅಂದರೆ ಹಳೇ ಹೋಸನ್ನೇ ಉಳಿಸಿಕೊಂಡರೆ ಬ್ಯಾಕ್‌ಪ್ರೆಶರ್, ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ, ಹಿಂದಿನದಕ್ಕಿಂತ ಸುಮಾರು ಶೇ 70 ಜಾಸ್ತಿ. ಇಷ್ಟೆಲ್ಲ ಖರ್ಚು ಮಾಡಿ ತಂದ ಹಾರ್ಸ್‌ಪವರ್‌ನ ಒಂದಿಷ್ಟು ಭಾಗವನ್ನು ಹೊಗೆ ತಳ್ಳುವುದಕ್ಕೇ ಸುಮ್ನೆ ಸುರಿದ ಹಾಗೆ. ಎಕ್ಸಾಸ್ಟ್ ವಾಲ್ವು ಬಿಸಿಯಾಗುವುದು ಬೇರೆ.

ಹಾಗಾಗಿ ಟ್ರಾನ್ಸಮ್ ಕೊರೆಸಿ ತೂತು ದೊಡ್ಡದು ಮಾಡಿಸಿದೆ. ಕೊರೆದ ಅಂಚಿನಲ್ಲಿ ಮರ ಕಾಣಿಸಿಕೊಂಡರೆ ಅದಕ್ಕೆ ಎಪಾಕ್ಸಿ ಕುಡಿಸಿ ಮುಚ್ಚಲೇಬೇಕು, ಇಲ್ಲದಿದ್ದರೆ ನೀರು ಒಳಗೆ ಹೋಗಿ ಟ್ರಾನ್ಸಮ್ ಕೊಳೆಯಲು ಶುರುವಾಗುತ್ತದೆ. ನಿಯಮ ಸರಳ: ಎಂಜಿನ್ ತಯಾರಿಸಿದವರು ಕೊಟ್ಟ ಬಾಯಿಯ ಅಳತೆಗಿಂತ ಲೈನಿನಲ್ಲಿ ಎಲ್ಲೂ ಚಿಕ್ಕದಾಗಬಾರದು, ಮುಂದೆ ಹೋಗುತ್ತಾ ದೊಡ್ಡದಾದರೆ ತೊಂದರೆಯಿಲ್ಲ. ಎರಡು 4 ಇಂಚಿನ ಲೈನುಗಳನ್ನು ಸೇರಿಸಿ ಒಂದೇ ಲೈನು ಮಾಡುವ ಯೋಚನೆ ಇದ್ದರೆ 5 ಇಂಚು ಸಾಲದು, 6 ಬೇಕು. ಲೆಕ್ಕಕ್ಕೆ 5.66 ಬರುತ್ತದೆ.

ಅಳತೆ ವಿಚಾರದಲ್ಲೇ ಇನ್ನೊಂದು ಕಿರಿಕಿರಿ. ಎಕ್ಸಾಸ್ಟ್ ಹೋಸನ್ನು ಒಳವ್ಯಾಸದಲ್ಲಿ ಹೇಳುತ್ತಾರೆ, ಅದು ಕೂರುವ ಪೈಪನ್ನು ಹೊರವ್ಯಾಸದಲ್ಲಿ. 4 ಇಂಚು ಅಂದರೆ 101.6 ಮಿ.ಮೀ. ಕೆಲವು ಕಡೆ 100 ಮಿ.ಮೀ. ಹೋಸನ್ನೂ '4 ಇಂಚು' ಅಂತಲೇ ಮಾರುತ್ತಾರೆ, 100 ಮಿ.ಮೀ. ಪೈಪಿನ ಮೇಲೆ 4 ಇಂಚಿನ ಹೋಸನ್ನೂ ಏರಿಸಲು ಹೋಗುತ್ತಾರೆ. ತಂತಿ ಇರುವ ಹೋಸು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಂದೂವರೆ ಮಿ.ಮೀ. ಸಡಿಲ ಇದ್ದರೆ ಹೋಸನ್ನು ಬಿಗಿಯುವ ಪಟ್ಟಿಯ ಕ್ಲಾಂಪ್ ಎಷ್ಟು ತಿರುಗಿಸಿದರೂ ಒಂದು ಕಡೆ ಸುಕ್ಕು ಬಿದ್ದು ನೀರು ಜಿನುಗುತ್ತದೆ. ನೀರು ಜಿನುಗುವ ಕಡೆ ಹೊಗೆಯೂ ಬರುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡನ್ನೂ ಅಳೆಯಿರಿ. ಮಾರುವವರ ಬಾಯಿಮಾತು ಬೇಡ. ಕ್ಯಾಬಿನ್ ಇರುವ ಬೋಟಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಿಸಿ, ಅದರಲ್ಲಿ ಚರ್ಚೆಯೇ ಇಲ್ಲ.

ಯಾವ ಜಾತಿಯ ಹೋಸು ಅನ್ನುವ ಪ್ರಶ್ನೆಗೆ ಬರೋಣ. ಇಡೀ ಲೈನಿಗೆ ಒಂದೇ ಹೋಸು ಕೊಳ್ಳಬೇಕು ಅಂತ ಯಾಕೋ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಕಿಲ್ಲ. ಒಂದೇ ಲೈನಿನಲ್ಲಿ ಒಂದೊಂದು ಜಾಗದ ಕಷ್ಟ ಒಂದೊಂದು ಥರ.

ತಂತಿ ಇಲ್ಲದ ಮೆತ್ತನೆಯ ಹೋಸು ಸುಲಭವಾಗಿ ಏರುತ್ತದೆ, ಚೆನ್ನಾಗಿ ಬಿಗಿದು ಕೂರುತ್ತದೆ. ಬಾಗಿಸಿದರೆ ಮಾತ್ರ ಮಡಚಿಕೊಳ್ಳುತ್ತದೆ. ಹಾಗಾಗಿ ಎರಡು ನೇರ ಪೈಪುಗಳ ನಡುವಿನ ಗಿಡ್ಡ ಜೋಡಣೆಗೆ ಅದು ಸರಿ. ಉದ್ದಕ್ಕೆ ಹೋಗುವ ಕಡೆ, ಸ್ವಲ್ಪವಾದರೂ ಬಾಗುವ ಕಡೆ ತಂತಿ ಇರುವುದೇ ಬೇಕು. ಅದಕ್ಕೂ ಒಂದು ಮಿತಿ ಇದೆ, ಎಷ್ಟು ಬಾಗಿಸಬಹುದು ಅಂತ ತಯಾರಕರ ಪಟ್ಟಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಬಿಗಿಯಾದ ತಿರುವು ಇದ್ದರೆ ಹೋಸಿನ ಜೊತೆ ಕುಸ್ತಿ ಮಾಡಬೇಡಿ, ಫೈಬರ್‌ಗ್ಲಾಸ್ ಎಲ್ಬೋ ಹಾಕಿ. ಅದರಲ್ಲೂ ಜಾಗ ಇದ್ದರೆ 90 ಡಿಗ್ರಿಯದು ಒಂದರ ಬದಲು 45ರದ್ದು ಎರಡು ಹಾಕಿದರೆ ಹರಿವು ಸಲೀಸು. ಹೊರಮೈ ಏರಿಳಿತದ ಸುಕ್ಕು ಹೋಸುಗಳೂ ಸಿಗುತ್ತವೆ, ಬಾಗಿಸಲು ಸುಖ. ಕೊಳ್ಳುವಾಗ ಒಳಗೆ ಕೈ ಹಾಕಿ ನೋಡಿ. ಒಳಮೈ ನುಣುಪಾಗಿದ್ದರೆ ಸರಿ, ಒಳಗೂ ಏರಿಳಿತ ಇದ್ದರೆ ಅದು ಹರಿವಿಗೆ ಅಡ್ಡಿ.

ಇನ್ನು ರಬ್ಬರೋ ಸಿಲಿಕೋನೋ? ಎಕ್ಸಾಸ್ಟಿಗೆ ಬರುವ ಕಪ್ಪು ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಹೋಸು ಸಾಮಾನ್ಯವಾಗಿ 93 ಡಿಗ್ರಿ ಸೆಲ್ಸಿಯಸ್‌ವರೆಗೆ, ನೀಲಿಯೋ ಕೆಂಪೋ ಇರುವ ಸಿಲಿಕೋನ್ ಹೋಸು 177 ಡಿಗ್ರಿವರೆಗೆ ಸತತವಾಗಿ ತಡೆಯುತ್ತದೆ. ಇದನ್ನು ಓದಿದ ಕೂಡಲೇ ಎಲ್ಲ ಸಿಲಿಕೋನೇ ಹಾಕಿಬಿಡೋಣ ಅನ್ನಿಸುತ್ತದೆ. ನಾನು ಹಾಗೆ ಮಾಡಲಿಲ್ಲ. ಸಿಲಿಕೋನ್ ಮೆತ್ತಗೆ, ಚೂಪಾದ ಯಾವುದಾದರೂ ಅಂಚಿಗೆ ಉಜ್ಜಿದರೆ ಬೇಗ ಕುಯ್ದುಕೊಳ್ಳುತ್ತದೆ. ಆಯಿಲ್, ಪೆಟ್ರೋಲ್ ತಾಗಿದರೆ ಊದಿಕೊಳ್ಳುತ್ತದೆ, ಬೋಟಿನ ತಳದಲ್ಲಿ ಅವೆರಡೂ ಇಲ್ಲದ ದಿನ ಅಪರೂಪ. ದುಡ್ಡಂತೂ ಸುಮಾರು ಜಾಸ್ತಿ. ಬಿಸಿ ಇರುವುದು ರೈಸರ್ ಪಕ್ಕದ ತುಂಡಿನಲ್ಲಿ. ಸೀಳಿದ ಹೋಸು ಅದನ್ನೇ ತಾನೇ ತೋರಿಸಿದ್ದು? ಹಾಗಾಗಿ ಆ ಜಾಗಕ್ಕೆ ಮಾತ್ರ ಸಿಲಿಕೋನ್, ಅದೂ ಮಧ್ಯದಲ್ಲಿ ಉಬ್ಬು ಇರುವ ಗಿಡ್ಡ ಹೋಸು. ಎಂಜಿನ್ ಕೂತಿರುವುದು ರಬ್ಬರ್ ಮೌಂಟುಗಳ ಮೇಲೆ. ಸ್ಟಾರ್ಟ್ ಮಾಡಿದಾಗ ಒಮ್ಮೆ ಪಕ್ಕಕ್ಕೆ ವಾಲುತ್ತದೆ, ಐಡಲ್‌ನಲ್ಲಿ ಅಲ್ಲಾಡುತ್ತಲೇ ಇರುತ್ತದೆ. ಟ್ರಾನ್ಸಮ್ ಅಲ್ಲಾಡುವುದಿಲ್ಲ. ಈ ಎರಡರ ನಡುವಿನ ಎಳೆದಾಟವನ್ನು ಉಬ್ಬು ನುಂಗಿಕೊಳ್ಳುತ್ತದೆ. ಅಲ್ಲಿಂದ ಟ್ರಾನ್ಸಮ್‌ವರೆಗೆ ತಂತಿ ಇರುವ ಕಪ್ಪು ರಬ್ಬರ್.

ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿದ ಎಂಜಿನ್ ಹಾಕುತ್ತಿರುವವರಿಗೆ ಒಂದು ಎಚ್ಚರಿಕೆ. ಓವರ್‌ಲ್ಯಾಪ್ ಜಾಸ್ತಿ ಇರುವ ಕ್ಯಾಮ್ ಅಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳು ಎರಡೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಐಡಲ್‌ನಲ್ಲಿ ಎಕ್ಸಾಸ್ಟ್ ಹಿಂದಕ್ಕೂ ಎಳೆಯುತ್ತದೆ, ಆ ಎಳೆತಕ್ಕೆ ಎಲ್ಬೋದಲ್ಲಿ ಬೀಳುವ ನೀರು ಹನಿಹನಿಯಾಗಿ ಸಿಲಿಂಡರ್ ಕಡೆಗೆ ಹೋಗುತ್ತದೆ. ವಾಲ್ವು ತುಕ್ಕು ಹಿಡಿದ ಮೇಲೆ ಗೊತ್ತಾಗುವ ರೋಗ ಇದು. ಇದಕ್ಕೆ ನೀರು ಸೇರುವ ಜಾಗವನ್ನು ಮುಂದಕ್ಕೆ, ಟ್ರಾನ್ಸಮ್ ಕಡೆಗೆ ತಳ್ಳುತ್ತಾರೆ, ಕೆಲವರು ಒಂದಿಷ್ಟು ನೀರನ್ನು ಎಕ್ಸಾಸ್ಟಿಗೆ ಬಿಡದೆ ನೇರ ಹೊರಗೇ ಬಿಡುತ್ತಾರೆ. ಎರಡನೆಯದು ಮಾಡಿದರೆ ಹೋಸಿಗೆ ಸಿಗುವ ನೀರು ಕಮ್ಮಿಯಾಗುತ್ತದೆ. ಅಂಥ ಬೋಟಿನಲ್ಲಿ ಪೂರ್ತಿ ಲೈನಿಗೂ ಸಿಲಿಕೋನ್ ಹಾಕುವುದಕ್ಕೆ ನನ್ನ ತಕರಾರಿಲ್ಲ.

ಎಂಜಿನ್ ಬದಲಿಸುವಾಗ ಯಾರೂ ನೆನಪಿಟ್ಟುಕೊಳ್ಳದ ವಿಷಯ ಒಂದಿದೆ, ತೂಕ. ದೊಡ್ಡ ಎಂಜಿನ್ ಕೂತರೆ ಬೋಟಿನ ಹಿಂಭಾಗ ಸ್ವಲ್ಪ ತಗ್ಗುತ್ತದೆ. ಹೊರಗಿನ ನೀರಿನ ಮಟ್ಟಕ್ಕೂ ಎಲ್ಬೋಗೂ ಇದ್ದ ಅಂತರ ಆ ಮಟ್ಟಿಗೆ ಕಮ್ಮಿಯಾಗುತ್ತದೆ. ವೇಗದಲ್ಲಿ ಹೋಗುತ್ತಿರುವಾಗ ಥ್ರಾಟಲ್ ಒಮ್ಮೆಲೇ ಇಳಿಸಿದರೆ ಹಿಂದಿನಿಂದ ಬರುವ ಅಲೆ ಟ್ರಾನ್ಸಮ್ಮಿಗೆ ಬಡಿದು ಎಕ್ಸಾಸ್ಟ್ ಬಾಯಿಂದ ಒಳಗೆ ನುಗ್ಗುವುದನ್ನು ನೀವೂ ನೋಡಿರುತ್ತೀರಿ. ಅಂತರ ಸಾಲದಿದ್ದರೆ ಆ ನೀರು ಎಂಜಿನ್‌ವರೆಗೂ ಹೋಗಬಹುದು. ಹೋಸು ಕತ್ತರಿಸುವ ಮೊದಲು ಬೋಟನ್ನು ನೀರಿಗಿಳಿಸಿ, ಟ್ಯಾಂಕು ತುಂಬಿಸಿ, ನಾಲ್ಕು ಜನರನ್ನು ಹಿಂದೆ ಕೂರಿಸಿ ಅಳೆಯಿರಿ. ತಯಾರಕರು ಹೇಳಿದ ಎತ್ತರಕ್ಕಿಂತ ಕಮ್ಮಿ ಬಂದರೆ ರೈಸರ್ ಕೆಳಗೆ ಸ್ಪೇಸರ್ ಹಾಕಿ ಎತ್ತರಿಸಬೇಕು. ಎತ್ತರಿಸಿದ ಮೇಲೆ ಹೋಸಿನ ಉದ್ದವೂ ಕೋನವೂ ಬದಲಾಗುತ್ತವೆ, ಅದಕ್ಕೇ ಮೊದಲು ಅಳತೆ, ಆಮೇಲೆ ಕತ್ತರಿ. ಟ್ರಾನ್ಸಮ್ ಬಾಯಿಗೆ ರಬ್ಬರ್ ಫ್ಲ್ಯಾಪ್ ಹಾಕುವುದೂ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬಾರದು.

ಲೈನು ಇಳಿಜಾರಾಗಿ ಹೋಗಬೇಕು, ಮೀಟರಿಗೆ ಕನಿಷ್ಠ 4 ಸೆಂ.ಮೀ. ಮಧ್ಯದಲ್ಲಿ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಹೊಗೆ ಆ ನೀರನ್ನು ತಳ್ಳಿಕೊಂಡೇ ಹೋಗಬೇಕು. ನೀರು ತುಂಬಿದ 4 ಇಂಚಿನ ಹೋಸು ಸಣ್ಣ ಭಾರವಲ್ಲ, ಆಧಾರ ಕೊಡಿ. ಆಧಾರದ ಪಟ್ಟಿಗೂ ಹೋಸಿಗೂ ನಡುವೆ ಹಳೇ ಹೋಸಿನ ತುಂಡು ಇಟ್ಟರೆ ಉಜ್ಜುವುದಿಲ್ಲ. ಸೀಳಿದ ಹೋಸಿಗೆ ಅಷ್ಟಾದರೂ ಕೆಲಸ ಸಿಕ್ಕಿತು.

ತಂತಿ ಇರುವ ಹೋಸನ್ನು ಕತ್ತರಿಸುವುದು ಬೇಸರದ ಕೆಲಸ. ಸುತ್ತಲೂ ಟೇಪ್ ಸುತ್ತಿ ಗೆರೆ ಮಾಡಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಚೂರಿಯಿಂದ ತಂತಿ ಸಿಗುವವರೆಗೆ ಕುಯ್ದು, ತಂತಿಯನ್ನು ಗಟ್ಟಿ ಕಟರ್‌ನಿಂದ ಕಡಿದು ಮತ್ತೆ ಕುಯ್ಯಬೇಕು. ಗ್ರೈಂಡರ್ ಹಿಡಿದರೆ ಬೇಗ ಆಗುತ್ತದೆ, ಆದರೆ ಸುಟ್ಟ ರಬ್ಬರಿನ ಹೊಗೆ ಮೈಗೆಲ್ಲ ಅಂಟುತ್ತದೆ. ಕತ್ತರಿಸಿದ ತುದಿಯಲ್ಲಿ ತಂತಿ ಚುಚ್ಚಿಕೊಂಡಿರಬಾರದು. ಆ ತುದಿಯಲ್ಲಿ ಕಾಣುವ ಬಟ್ಟೆಯ ಪದರಕ್ಕೆ ರಬ್ಬರ್ ಸಿಮೆಂಟ್ ಬಳಿಯಿರಿ, ಇಲ್ಲದಿದ್ದರೆ ಬಟ್ಟೆ ಬತ್ತಿಯಂತೆ ನೀರೆಳೆದುಕೊಂಡು ಒಳಗಿನ ತಂತಿಗೆ ತುಕ್ಕು ಹಿಡಿಸುತ್ತದೆ. ಏರಿಸುವಾಗ ಜಾರಲು ಪಾತ್ರೆ ತೊಳೆಯುವ ಸೋಪು ಸಾಕು. ಗ್ರೀಸ್, ಆಯಿಲ್ ಬೇಡ.

ಪ್ರತಿ ತುದಿಗೂ ಎರಡು ಕ್ಲಾಂಪ್. ಅಮೆರಿಕದ ಬೋಟು ಮಾನದಂಡಗಳ ಸಂಸ್ಥೆ ಎಬಿವೈಸಿಯ ಪಿ-1 ಮಾನದಂಡ ಹೇಳುವುದೂ ಅದನ್ನೇ, ಪಟ್ಟಿಯ ಅಗಲ ಅರ್ಧ ಇಂಚಿಗೆ ಕಮ್ಮಿ ಇರಬಾರದು. ಎರಡರ ಸ್ಕ್ರೂಗಳೂ ಒಂದೇ ಕಡೆ ಬರದ ಹಾಗೆ ಎದುರುಬದುರು ಇಡಿ. ಕ್ಲಾಂಪ್ ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಲ್ಲಿರಲಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಮಾಮೂಲಿ ಕಬ್ಬಿಣದ್ದಾಗಿರುವುದು ಬಹಳ ಸಾಮಾನ್ಯ, ಅಂಥದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇಕಿರುವುದು ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಆಗಿರುವುದು. ಸಿಲಿಕೋನ್ ಮೇಲೆ ಸೀಳುಗಳಿರುವ ಪಟ್ಟಿಯ ಕ್ಲಾಂಪ್ ಹಾಕಿದರೆ ಹೋಸು ಆ ಸೀಳುಗಳಲ್ಲಿ ಉಬ್ಬಿ ಬಂದು ಕುಯ್ದುಕೊಳ್ಳುತ್ತದೆ. ಅಲ್ಲಿಗೆ ನುಣುಪು ಪಟ್ಟಿಯ ಟಿ-ಬೋಲ್ಟ್ ಕ್ಲಾಂಪೇ ಆಗಬೇಕು.

ಎಲ್ಲ ಕೂರಿಸಿದ ಮೇಲೆ ಬ್ಯಾಕ್‌ಪ್ರೆಶರ್ ಅಳೆದು ನೋಡಿ. ದುಬಾರಿ ಗೇಜು ಬೇಡ. ನೀರು ಸೇರುವುದಕ್ಕಿಂತ ಮುಂಚಿನ ಜಾಗದಲ್ಲಿ ಒಂದು ಪ್ಲಗ್ ಬಿಚ್ಚಿ, ಒಂದಿಷ್ಟು ಉದ್ದದ ತಾಮ್ರದ ಕೊಳವೆ ಸಿಕ್ಕಿಸಿ, ಅದರ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು ಜೋಡಿಸಿ. ಟ್ಯೂಬನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಬಗ್ಗಿಸಿ ಕಟ್ಟಿ ಅರ್ಧ ನೀರು ತುಂಬಿಸಿದರೆ ಮುಗಿಯಿತು. ಫುಲ್ ಥ್ರಾಟಲ್‌ನಲ್ಲಿ, ಬೋಟು ನಿಜವಾಗಿ ನೀರಿನ ಮೇಲೆ ಓಡುತ್ತಿರುವಾಗ, ಎರಡು ಬದಿಯ ನೀರಿನ ಮಟ್ಟದ ನಡುವಿನ ಅಂತರ ಓದಬೇಕು. 70 ಸೆಂ.ಮೀ. ಅಂತರ ಅಂದರೆ ಹೆಚ್ಚುಕಮ್ಮಿ 1 ಪಿಎಸ್‌ಐ ಒತ್ತಡ. ಮಿತಿ ಎಷ್ಟು ಅಂತ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಓದಲು ಇನ್ನೊಬ್ಬರು ಜೊತೆಗಿರಲಿ, ಬೋಟು ನಡೆಸುತ್ತಾ ಹಲಗೆ ನೋಡಲು ಆಗುವುದಿಲ್ಲ. ನನ್ನದರಲ್ಲಿ ಎರಡೂ ಬದಿ ಮಿತಿಯೊಳಗೇ ಬಂದವು, ಎಡಗಡೆ ಸ್ವಲ್ಪ ಜಾಸ್ತಿ, ಯಾಕೆಂದರೆ ಆ ಕಡೆ ಒಂದು ಎಲ್ಬೋ ಹೆಚ್ಚಿಗೆ ಇದೆ. ಬೋಟು ವಾಪಸ್ ಬಂದ ಮೇಲೆ, ಹೋಸು ತಣ್ಣಗಾದ ಮೇಲೆ, ಕ್ಲಾಂಪುಗಳನ್ನೆಲ್ಲ ಇನ್ನೊಮ್ಮೆ ಬಿಗಿಯಿರಿ. ಹೊಸ ಹೋಸು ಮೊದಲ ಸಲ ಬಿಸಿಯಾಗಿ ಆರಿದಾಗ ಸ್ವಲ್ಪ ಕೂರುತ್ತದೆ, ಪ್ರತಿ ಸ್ಕ್ರೂನೂ ಒಂದಿಷ್ಟು ತಿರುಗೇ ತಿರುಗುತ್ತದೆ.